ಬೀಸ್ಟ್ 2: ಆರು ವರ್ಷದ ಬಳಕೆ, ಒಂದು ಕಂಬಳಿಹುಳು, ಒಂದು ತಕರಾರು

ಡಿಎನ್‌ಎ ಕೊಟ್ಟರೆ ವಂಶವೃಕ್ಷದ ಜೊತೆಗೆ ಯಾವ ಕವಲು ಯಾವಾಗ ಒಡೆಯಿತು ಅಂತಲೂ ಅಂದಾಜು ಹೇಳುವ ತಂತ್ರಾಂಶ ಈ ಬೀಸ್ಟ್ 2. ದುಡ್ಡು ಕೊಡಬೇಕಿಲ್ಲ. ಖರ್ಚಾಗುವುದು ಸಮಯ, ಅದೂ ನನ್ನ ಹಾಗೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಜಾಸ್ತಿ.

ನನಗೆ ತುಂಬಾ ಇಷ್ಟ ಆಗುವುದು ಬೆಳಗಿನ ಹೊತ್ತು. ರಾತ್ರಿ ಓಡಲು ಬಿಟ್ಟು ಮಲಗಿ, ಎದ್ದ ಕೂಡಲೇ ಅದು ತೆಗೆದ ಸಾವಿರಾರು ಅಂದಾಜುಗಳು ದಾಖಲಾಗಿರುವ ಲಾಗ್ ಫೈಲನ್ನು ಟ್ರೇಸರ್ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ತೆರೆಯುತ್ತೇನೆ. ಎಡಗಡೆ ಇಎಸ್‌ಎಸ್ ಅಂಕಿಗಳ ಸಾಲು, ಅಂದರೆ ಆ ಅಂದಾಜುಗಳಲ್ಲಿ ಒಂದಕ್ಕೊಂದು ನಂಟಿಲ್ಲದ ಸ್ವತಂತ್ರ ಸ್ಯಾಂಪಲ್‌ಗಳು ಎಷ್ಟರಮಟ್ಟಿಗೆ ಇವೆ ಅನ್ನುವ ಲೆಕ್ಕ. 100ಕ್ಕಿಂತ ಕಡಿಮೆ ಇದ್ದರೆ ಕೆಂಪು, ಅಲ್ಲಿಂದ 200ರವರೆಗೆ ಹಳದಿ, ದಾಟಿದರೆ ಕಪ್ಪು. ಬಲಗಡೆ ಅಂದಾಜಿನ ಏರಿಳಿತ ತೋರಿಸುವ ಗೆರೆ ಬೆಟ್ಟ ಹತ್ತಿ ಇಳಿದ ಹಾಗೆ ಅಲೆಯುತ್ತಿದ್ದರೆ ಇನ್ನೂ ಓಡಬೇಕು, ಮೈತುಂಬ ಕೂದಲಿರುವ ಕಂಬಳಿಹುಳು ನೆಟ್ಟಗೆ ಮಲಗಿದ ಹಾಗಿದ್ದರೆ ಸರಿ. ಒಂದು ಸಲ ವೃಕ್ಷದ ಬೇರಿನ, ಅಂದರೆ ಎಲ್ಲರ ಮೂಲ ಪೂರ್ವಜರ, ವಯಸ್ಸಿನ ಅಂಕಿ ಮೂರು ದಿನ ಹಳದಿಯಲ್ಲೇ ಕೂತು ಸತಾಯಿಸಿತು. ಕಪ್ಪಾದ ದಿನ ಯಾರಿಗಾದರೂ ಫೋನ್ ಮಾಡಿ ಹೇಳಬೇಕು ಅನ್ನಿಸಿತು. ಯಾರಿಗೆ ಅಂತ ಹೇಳೋದು?

ಹುಳು ಚೆಂದ ಇದ್ದರೆ ಉತ್ತರವೂ ಸರಿ ಅಂತ ನಂಬಿದ್ದೇ ನನ್ನ ತಪ್ಪು. ಕಪ್ಪೆಗಳ 62 ಪ್ರಭೇದದ ವೃಕ್ಷಕ್ಕೆ, ಪ್ರಭೇದಗಳು ಯಾವ ದರದಲ್ಲಿ ಹುಟ್ಟಿ ಅಳಿದವು ಅಂತ ಅಂದಾಜಿಸುವ ಹುಟ್ಟು-ಅಳಿವಿನ ಮಾದರಿ ಹಾಕಿ ಅಳಿವಿನ ದರ ತೆಗೆದಿದ್ದೆ. ಎಲ್ಲಾ ಅಂಕಿಯೂ ಕಪ್ಪು. ಆಮೇಲೆ ಸುಮ್ನೆ ಕುತೂಹಲಕ್ಕೆ, ಡಿಎನ್‌ಎ ಲೆಕ್ಕಕ್ಕೆ ತೆಗೆದುಕೊಳ್ಳದೆ, ನಾನು ಮೊದಲೇ ಕೊಟ್ಟಿದ್ದ ಪ್ರಯರ್‌ಗಳಿಂದ, ಅಂದರೆ ಪೂರ್ವ ಊಹೆಗಳಿಂದಷ್ಟೇ ಓಡಿಸಿದೆ. ಅಳಿವಿನ ದರದ ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಒಂದೇ! ನಾನು ಹೇಳಿಕೊಟ್ಟ ಪಾಠವನ್ನೇ ನನಗೆ ಒಪ್ಪಿಸಿತ್ತು.

ಇದು ಬೀಸ್ಟ್‌ನ ತಪ್ಪಲ್ಲ ಬಿಡಿ. ಬದುಕಿರುವವರ ವೃಕ್ಷದಲ್ಲಿ ಅಳಿದುಹೋದವರು ಕಾಣುವುದೇ ಇಲ್ಲವಲ್ಲ. ದರ ಎಂದೂ ಬದಲಾಗಲಿಲ್ಲ ಅಂದುಕೊಂಡರೆ ಏನೋ ಒಂದು ಅಂದಾಜು ಸಿಗುತ್ತದೆ, ಆದರೆ 62 ತುದಿಗಳ ಮರ ಅಷ್ಟೊಂದು ಬಾಯಿಬಿಡುವುದಿಲ್ಲ. ದರ ಕಾಲಕಾಲಕ್ಕೆ ಬದಲಾಗಿರಬಹುದು ಅಂದರಂತೂ ಒಂದೇ ವೃಕ್ಷಕ್ಕೆ ಅಷ್ಟೇ ಚೆನ್ನಾಗಿ ಹೊಂದುವ ಹುಟ್ಟು-ಅಳಿವಿನ ಕಥೆಗಳಿಗೆ ಲೆಕ್ಕವೇ ಇಲ್ಲ. ಲೂಕಾ ಮತ್ತು ಪೆನೆಲ್ ಅನ್ನುವ ಸಂಶೋಧಕರು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ನಾನು ಓದಿದ್ದು ತಡವಾಗಿ.

ಕವಲಿನ ವಯಸ್ಸಿಗೆ ಈಗಲೂ ಬೀಸ್ಟನ್ನೇ ಬಳಸುತ್ತೇನೆ, ಕಾಲ ಗೊತ್ತುಮಾಡಲು ನಂಬುವಂಥ ಪಳೆಯುಳಿಕೆ ಒಂದೆರಡಾದರೂ ಇದ್ದರೆ. ಅಳಿವಿನ ದರವೇ ಬೇಕು ಅನ್ನುವವರು ಪಳೆಯುಳಿಕೆಗಳನ್ನೂ ವೃಕ್ಷದೊಳಗೆ ಕೂರಿಸುವ ಮಾದರಿ ನೋಡಿ. ನನ್ನ ಕಪ್ಪೆಗಳಿಗೆ ಸಿಕ್ಕಿದ್ದು ಮೂರೇ ಪಳೆಯುಳಿಕೆ, ಹಾಗಾಗಿ ಆ ಆಸೆ ಬಿಟ್ಟೆ. ಈಗ ಪ್ರತಿ ಸಲವೂ ಮೊದಲು ಡಿಎನ್‌ಎ ಇಲ್ಲದ ಖಾಲಿ ಓಟ ಓಡಿಸುತ್ತೇನೆ. ಅದರ ಕಂಬಳಿಹುಳುವೂ ಅಷ್ಟೇ ಚೆಂದ ಬರುತ್ತದೆ, ಅದೇ ಬೇಜಾರು.