ಸ್ಪೈಡರ್-ಮ್ಯಾನ್ 3: ಮೂವರು ಖಳರ ನೂಕುನುಗ್ಗಲು

2007ರ ಈ ಚಿತ್ರವನ್ನು ಮೈಯೆಲ್ಲ ಮರಳಾದ ಖಳ ಸ್ಯಾಂಡ್‌ಮ್ಯಾನ್‌ಗಾಗಿಯೇ ನೋಡಬೇಕು. ಮರಳಿನ ಕಣಗಳು ಕೂಡಿ, ಕುಸಿದು, ಮತ್ತೆ ಎದ್ದು ಮನುಷ್ಯನಾಗುವ ದೃಶ್ಯದಲ್ಲಿ ಮಾತೇ ಇಲ್ಲ. ಮಗಳ ಲಾಕೆಟ್ ಎತ್ತಿಕೊಳ್ಳಲು ಚಾಚಿದ ಕೈ ಪುಡಿಯಾದಾಗ ಕರುಳು ಚುರ್ರೆನ್ನುತ್ತದೆ. ಇಡೀ ಸರಣಿಯಲ್ಲಿ ಇದಕ್ಕೆ ಸಾಟಿಯಿಲ್ಲ.

ಆದರೆ ಸ್ಪೈಡರ್-ಮ್ಯಾನ್ ಆಗಿರುವ ಪೀಟರ್‌ನನ್ನು ಸಾಕಿದ ಬೆನ್ ಅಂಕಲ್‌ನನ್ನು ಕೊಂದವನು ಇವನೇ ಎಂದು ಕಥೆ ತಿರುಗಿಸಿದ್ದು ದೊಡ್ಡ ತಪ್ಪು. ಮೊದಲ ಭಾಗದಲ್ಲಿ ಪೀಟರ್ ತಾನೇ ಓಡಿಹೋಗಲು ಬಿಟ್ಟ ಕಳ್ಳ ಕೊಲೆಗಾರನಾಗಿದ್ದ. ಪೀಟರ್‌ನ ಪಾಪಪ್ರಜ್ಞೆಗೆ ತೂಕ ಬಂದದ್ದೇ ಅದರಿಂದ.

ಕಪ್ಪು ಅನ್ಯಗ್ರಹ ಜೀವಿ ಮೈಗಂಟಿಕೊಂಡ ಖಳ ವೆನಮ್ ಪೂರ್ತಿಯಾಗಿ ಕಾಣಿಸಿಕೊಳ್ಳುವಷ್ಟರಲ್ಲಿ 139 ನಿಮಿಷದ ಚಿತ್ರದ ಬಹುಪಾಲು ಮುಗಿದಿರುತ್ತದೆ. ಮುಖವಾಡ ಮತ್ತೆ ಮತ್ತೆ ಸರಿದು ನಟನ ಮುಖ ತೋರುವುದರಿಂದ ಇದ್ದ ಭಯವೂ ಕರಗುತ್ತದೆ. ಮೂರನೆಯ ಖಳ, ಪೀಟರ್‌ನ ಗೆಳೆಯ ಹ್ಯಾರಿಯದು ಇನ್ನೂ ಬೇಸರ: ತಂದೆಯ ಸಾವಿಗಾಗಿ ಎರಡನೇ ಭಾಗದಲ್ಲಿ ಕಟ್ಟಿದ ಸೇಡನ್ನು ಮರೆವಿನ ನೆಪದಲ್ಲಿ ಬದಿಗಿಟ್ಟು, ಕೊನೆಗೆ ಮನೆಯ ಬಟ್ಲರ್‌ನ ಮಾತಿನಲ್ಲಿ ಬಗೆಹರಿಸಿದ್ದಾರೆ. ವೆನಮ್‌ಗೆ ಬೇರೆಯೇ ಚಿತ್ರ ಬೇಕಿತ್ತು.