ಅಡಾಸ್ ಕಾರು, ಎರಡನೇ ಮಳೆಗಾಲದ ನಂತರ: ಗ್ಯಾಪೇ ದೊಡ್ಡ ತಲೆನೋವು

ಅಡಾಸ್ ಅಂದರೆ ರೇಡಾರ್, ಕ್ಯಾಮೆರಾದಿಂದ ರಸ್ತೆ ನೋಡಿಕೊಂಡು ಡ್ರೈವರ್‌ಗೆ ನೆರವಾಗುವ ವ್ಯವಸ್ಥೆ. ಕಂಪನಿ, ಮಾಡೆಲ್ ಹೆಸರು ಬೇಡ. ಗೆಳೆಯರ ಬೇರೆ ಬೇರೆ ಲೆವೆಲ್ 2 ಕಾರುಗಳಲ್ಲೂ (ಅಂದರೆ ವೇಗ, ಸ್ಟೀರಿಂಗ್ ಎರಡಕ್ಕೂ ಕಾರೇ ಕೈಜೋಡಿಸುವಂಥವು) ನಾನು ನೋಡಿದ್ದು ಇದೇ ಗೋಳು. ರೇಡಾರ್ ಎಲ್ಲಿದೆ, ಕ್ಯಾಮೆರಾ ಎಷ್ಟು ಅನ್ನೋದನ್ನೆಲ್ಲ ಬ್ರೋಷರ್‌ನಲ್ಲಿ ಓದಿರುತ್ತೀರಿ. ನನ್ನ ಗೋಳು ಗ್ಯಾಪ್ ಬಗ್ಗೆ.

ಅಡಾಪ್ಟಿವ್ ಕ್ರೂಸ್ ಹಾಕಿದರೆ ಕಾರು ನಾವು ಇಟ್ಟ ವೇಗದಲ್ಲಿ ತಾನೇ ಓಡುತ್ತಾ, ಮುಂದಿನ ಗಾಡಿಯಿಂದ ಇಂತಿಷ್ಟು ದೂರ ಬಿಟ್ಟುಕೊಂಡೇ ಹೋಗುತ್ತದೆ. ನಮ್ಮ ರಸ್ತೆಯಲ್ಲಿ ಆ ಜಾಗ ಮೊದಲು ನುಗ್ಗಿದವನದ್ದು. ಗ್ಯಾಪ್ ಅನ್ನು ಅತಿ ಕಡಿಮೆಗೆ ಇಟ್ಟರೂ ಎಡದಿಂದ ಒಂದು ಕ್ಯಾಬ್ ತೂರುತ್ತದೆ. ನನ್ನ ಕಾರು ಗಕ್ಕನೆ ಬ್ರೇಕ್ ಹಾಕುತ್ತದೆ. ಹಿಂದಿನವನು ಬೈಯುವುದು ನನ್ನನ್ನು! ನಾನೇ ಓಡಿಸುವಾಗ ಕ್ಯಾಬ್‌ನ ಮುಂದಿನ ಚಕ್ರ ಒಂಚೂರು ಬಲಕ್ಕೆ ತಿರುಗಿದರೆ ಸಾಕು, ಇವನು ಬರ್ತಾನೆ ಅಂತ ಗೊತ್ತಾಗಿ ಕಾಲು ತಾನಾಗೇ ಸಡಿಲವಾಗುತ್ತದೆ. ಕಾರಿಗೆ ಗೊತ್ತಾಗುವುದು ಅವನು ಗೆರೆ ದಾಟಿದ ಮೇಲೆ. ಕೆಂಗೇರಿ ದಾಟುವಷ್ಟರಲ್ಲಿ ನಮ್ಮ ಕಾರು ಧರ್ಮಛತ್ರ ಆಗಿರುತ್ತದೆ.

ಬಿಡದಿ ಕಳೆದ ಮೇಲೆ ಇದೇ ಕಾರು ಬಂಗಾರ. 2023ರ ಆಗಸ್ಟ್‌ನಿಂದ ಮೈಸೂರು ಹೈವೇಯ ಮುಖ್ಯ ರಸ್ತೆಗೆ ಬೈಕ್, ಆಟೊ, ಟ್ರಾಕ್ಟರ್ ಬರುವಂತಿಲ್ಲ. ವೇಗದ ಮಿತಿ 100, ಮೇಲೆ ಕ್ಯಾಮೆರಾ ಕಾವಲು. 97ಕ್ಕೆ ಇಟ್ಟು ಸ್ಟೀರಿಂಗ್ ಮೇಲೆ ಹಗುರವಾಗಿ ಕೈ ಇಟ್ಟುಕೊಂಡರೆ ಗಣಂಗೂರು ಟೋಲ್‌ವರೆಗೆ ಬಲಗಾಲಿಗೆ ಹೆಚ್ಚು ಕೆಲಸ ಇಲ್ಲ. ಮಂಡಿನೋವು ಇರುವವರಿಗೆ ಇದರ ಬೆಲೆ ಗೊತ್ತು. ಇಂಡಿಕೇಟರ್ ಹಾಕದೆ ಲೇನ್ ಬದಲಿಸಲು ಹೋದರೆ ಸ್ಟೀರಿಂಗ್ ವಾಪಸ್ ಎಳೆಯುತ್ತದೆ. ಹಾಗಾಗಿ ಈಗ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲೂ ಇಂಡಿಕೇಟರ್ ಹಾಕುತ್ತೇನೆ. ಹೆಂಡತಿಗೆ ನಗು.

ಹೊರಡುವ ಮುಂಚೆ ಒಂದು ಪೂಜೆ ಇದೆ. ಹಿಂದಿನ ಸಂಜೆ ಮಂಡ್ಯ ಕಡೆಯಿಂದ ಬಂದಿದ್ದರೆ ಗದ್ದೆ ಹುಳುಗಳೆಲ್ಲ ಮುಂದಿನ ಗ್ರಿಲ್‌ಗೆ ಅಂಟಿ ಒಣಗಿರುತ್ತವೆ. ಅಮ್ಮನ ಹಳೇ ಕಾಟನ್ ಸೀರೆಯ ತುಂಡನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ರೇಡಾರ್ ಮೇಲೆ ಸ್ವಲ್ಪ ಹೊತ್ತು ಹಾಕಿಡುತ್ತೇನೆ. ನೆನೆದ ಮೇಲೆ ಮೆಲ್ಲಗೆ ಒರೆಸುವುದು, ಉಜ್ಜುವುದಲ್ಲ. ಆಮೇಲೆ ಕನ್ನಡಿ ಹಿಂದಿನ ಕ್ಯಾಮೆರಾದ ಎದುರು ಗಾಜು. ಇಷ್ಟು ಮಾಡದಿದ್ದರೆ ಅರ್ಧ ದಾರಿಯಲ್ಲಿ ‘ಸೆನ್ಸಾರ್ ಮುಚ್ಚಿದೆ’ ಅಂತ ಕಾರು ಕೈಕೊಡುತ್ತದೆ.

ಇದನ್ನೇ ನಂಬಿ ಹುಬ್ಬಳ್ಳಿಗೆ ಹೋದರೆ ಕಥೆ ಬೇರೆ. ಬಲಗಡೆ ಲೇನ್‌ನಲ್ಲಿ ಲಾರಿ 50ರಲ್ಲಿ ತೆವಳುತ್ತಿದ್ದರೆ ಇದೂ ವಿಧೇಯ ಶಿಷ್ಯನಂತೆ ಹಿಂದೆಯೇ. ರಸ್ತೆ ಕೆಲಸ ನಡೆಯುವ ಕಡೆ ಹೊಸ ಗೆರೆ ಬಿಟ್ಟು ಅಳಿಸಿದ ಹಳೇ ಗೆರೆ ಹಿಡಿಯುತ್ತದೆ. ಸಾಕು ಅನ್ನಿಸಿದ್ದು ರಾಣೆಬೆನ್ನೂರಿನ ಆಚೆ, ರಾತ್ರಿ. ಮುಂದೆ ಕಬ್ಬಿನ ಟ್ರಾಕ್ಟರ್, ಹಿಂದೆ ಒಂದು ಲೈಟೂ ಇಲ್ಲ, ಟ್ರೇಲರ್‌ನಿಂದ ಒಂದೆರಡು ಮಾರು ಹೊರಗೆ ಚಾಚಿದ ಕಬ್ಬು. ಸ್ಕ್ರೀನ್ ಮೇಲೆ ರಸ್ತೆ ಖಾಲಿ. ನಾನೇ ಬ್ರೇಕ್ ತುಳಿದೆ. ಅಲ್ಲಿಂದ ಆ ದಾರಿಯಲ್ಲಿ ಕತ್ತಲಾದರೆ ಕ್ರೂಸ್ ಬಂದ್. ಲೆವೆಲ್ 2 ಅಂದರೆ ಜವಾಬ್ದಾರಿ ಪೂರ್ತಿ ಡ್ರೈವರ್‌ದೇ, ಸುಮ್ನೆ ‘ಸೆಲ್ಫ್ ಡ್ರೈವಿಂಗ್’ ಅಂತ ಜಂಬ ಕೊಚ್ಚಿಕೊಳ್ಳುವವರ ಮಾತು ಕೇಳಬೇಡಿ.

ಈ ಅಡಾಸ್‌ಗಾಗಿ ಟಾಪ್ ವೇರಿಯಂಟ್‌ಗೆ ಸುಮಾರು ಒಂದೂವರೆ ಲಕ್ಷ ಜಾಸ್ತಿ ಕೊಟ್ಟೆ. ಬಂಪರ್‌ಗೆ ಸ್ವಲ್ಪ ತಾಗಿದರೂ ರೇಡಾರ್ ಕ್ಯಾಲಿಬ್ರೇಷನ್‌ಗೆ, ಅಂದರೆ ಅದರ ನೋಟ ಮತ್ತೆ ಸರಿಹೊಂದಿಸುವುದಕ್ಕೆ, ಬೇರೆ ಬಿಲ್. ವಾರ ವಾರ ಮೈಸೂರಿಗೆ ಹೋಗಿಬರುವವರಾದರೆ ಧಾರಾಳವಾಗಿ ತಗೊಳ್ಳಿ. ಓಡಾಟ ಜಾಸ್ತಿ ಊರೊಳಗೆ, ಇಲ್ಲವೇ ಹುಬ್ಬಳ್ಳಿ ಕಡೆ ಅನ್ನುವವರು ಕೆಳಗಿನ ವೇರಿಯಂಟ್ ತಗೊಂಡು ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸಿ.