ಕಜ್ಜಿ ಹಿಡಿದ ನರಿಗೆ ನೆರವಾಗಲು ಕ್ಯಾಮೆರಾ ಟ್ರ್ಯಾಪ್: ಬಳಸಿ ನೋಡಿದ ಅನುಭವ

ಊರೊಳಗೆ ಓಡಾಡುವ ನರಿಗೆ ಕಜ್ಜಿ ಹತ್ತಿದ್ದು ಕಂಡರೆ ಎಲ್ಲರೂ ಮೊದಲು ಕೇಳುವುದು ಯಾವ ಔಷಧಿ ಕೊಡಲಿ ಅಂತ. ಮೊದಲು ಒಂದು ಕ್ಯಾಮೆರಾ ಟ್ರ್ಯಾಪ್ ತಗೊಳ್ಳಿ ಅಂತೀನಿ ನಾನು. ಹಿತ್ತಲಲ್ಲಿ ಕಟ್ಟಿಟ್ಟರೆ, ಪ್ರಾಣಿ ಹಾದುಹೋದಾಗ ತಾನೇ ವಿಡಿಯೋ ತೆಗೆಯುವ ಸಣ್ಣ ಡಬ್ಬಿ ಅದು. ನನ್ನದು ಸಾಧಾರಣ ಮಾದರಿ, ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಯಾಕೆ ಅಂದ್ರೆ, ಕೊಟ್ಟ ಔಷಧಿ ಯಾರ ಹೊಟ್ಟೆಗೆ ಹೋಯಿತು ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ. ನರಿ ಸಿಕ್ಕಿದ್ದನ್ನೆಲ್ಲ ಅಲ್ಲೇ ತಿನ್ನಲ್ಲ, ಎಷ್ಟೋ ಸಲ ಕಚ್ಚಿಕೊಂಡು ಹೋಗಿ ಮಣ್ಣಲ್ಲಿ ಹೂತಿಡುತ್ತದೆ. ಅದನ್ನು ಪಕ್ಕದ ಮನೆ ನಾಯಿ ಕೆದಕಿ ತಿಂದರೆ? ಐವರ್‌ಮೆಕ್ಟಿನ್ ಕಜ್ಜಿ ಹುಳಕ್ಕೆ ಒಳ್ಳೆಯ ಔಷಧಿಯೇ. ಆದರೆ ಕೋಲಿ ತಳಿಯ ಎಷ್ಟೋ ನಾಯಿಗಳಲ್ಲಿ ಎಂಡಿಆರ್1 ಅನ್ನುವ ಜೀನ್‌ನಲ್ಲಿ ದೋಷ ಇರುತ್ತದೆ, ಡೋಸ್ ಜಾಸ್ತಿಯಾದರೆ ಔಷಧಿ ಮೆದುಳಿಗೇರಿ ಜೀವಕ್ಕೇ ಕುತ್ತು. ಹಾಗಾಗಿ ಪಶುವೈದ್ಯರು ಹೇಳಿದ ಡೋಸನ್ನು ಒಂದೇ ತುತ್ತಿಗೆ ನುಂಗುವಷ್ಟು ಸಣ್ಣ ತಿಂಡಿಯಲ್ಲಿಟ್ಟು, ನಿಮ್ಮ ರೋಗಿ ಬರುವ ಹೊತ್ತಿಗೇ ಇಡಬೇಕು. ಆ ಹೊತ್ತು ಯಾವುದು, ಜೊತೆಗೆ ಬೇರೆ ಯಾರ್‍ಯಾರು ಬರುತ್ತಾರೆ ಅನ್ನೋದನ್ನು ಹೇಳುವುದು ಕ್ಯಾಮೆರಾ. ಐವರ್‌ಮೆಕ್ಟಿನ್ ಹುಳದ ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಮತ್ತೊಮ್ಮೆ ಕೊಡಲೇಬೇಕು. ಎರಡನೇ ಡೋಸ್ ಬೇರೆ ನರಿಗೆ ಹೋದರೆ ಮೊದಲನೆಯದೂ ವ್ಯರ್ಥ ಆಯ್ತಲ್ವಾ?

ರಾತ್ರಿ ವಿಡಿಯೋ ಕಪ್ಪು ಬಿಳುಪು. ಚರ್ಮ ಕೆಂಪಾಗಿರುವುದು ಅದರಲ್ಲಿ ಗೊತ್ತಾಗಲ್ಲ, ಆದರೆ ಬೇರೆ ಬಹಳ ವಿಷಯ ಗೊತ್ತಾಗುತ್ತದೆ. ನನ್ನ ವಿಡಿಯೋದಲ್ಲಿ ಬರುತ್ತಿದ್ದ ಹೆಣ್ಣು ನರಿಗೆ ಒಂದೇ ಕಣ್ಣು ಹೊಳೆಯುತ್ತಿತ್ತು, ಇನ್ನೊಂದು ಹಕ್ಕಳೆ ಕಟ್ಟಿ ಮುಚ್ಚಿಹೋಗಿತ್ತು. ಬಾಲದ ಬುಡದಿಂದ ಹಿಂಗಾಲಿನವರೆಗೆ ಕೂದಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ಕೂತು ಕೆರೆದುಕೊಳ್ಳುವುದು, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಕೆರೆತ. ಇದು ಫೋಟೋದಲ್ಲಿ ತಿಳಿಯುವುದಿಲ್ಲ, ಹಾಗಾಗಿ ಸೆಟ್ಟಿಂಗ್ ವಿಡಿಯೋಗೇ ಇಡಿ. ವಸಂತದಲ್ಲಿ ನರಿಗಳು ಸಹಜವಾಗಿಯೇ ಕೂದಲು ಉದುರಿಸುತ್ತವೆ, ನೋಡಲು ಹರಕು ಮುರುಕಾಗಿ ಕಾಣುತ್ತವೆ. ಹಕ್ಕಳೆ ಇಲ್ಲದೆ, ಹೀಗೆ ಕೆರೆದುಕೊಳ್ಳದೆ ಚುರುಕಾಗಿದ್ದರೆ ಸುಮ್ನೆ ಔಷಧಿ ಹಾಕಬೇಡಿ.

ನರಿ ಕಜ್ಜಿಗೆ ಅಂತಲೇ ಹೋಮಿಯೋಪತಿ ಹನಿಗಳೂ ಸಿಗುತ್ತವೆ. ಈ ಕಜ್ಜಿ ತರುವ ಸಾರ್ಕಾಪ್ಟಿಸ್ ಹುಳ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುವ ಜೀವಿ, ಆ ಹನಿಗಳು ಅದನ್ನು ಕೊಲ್ಲುತ್ತವೆ ಅನ್ನೋದಕ್ಕೆ ನಂಬುವಂಥ ಪುರಾವೆ ಇಲ್ಲ. ಹನಿ ಹಾಕಿ ಕಾಯುವ ಆ ವಾರಗಳೇ ನರಿಯ ಪ್ರಾಣ ತೆಗೆಯುತ್ತವೆ, ನನಗೆ ಸಿಟ್ಟು ಬರುವುದು ಅದಕ್ಕೇ. 1994ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಈ ಕಜ್ಜಿ ಹೊಕ್ಕ ಮೇಲೆ ಎರಡೇ ವರ್ಷದಲ್ಲಿ ಅಲ್ಲಿನ ನರಿಗಳಲ್ಲಿ ಶೇ. 95ಕ್ಕೂ ಹೆಚ್ಚು ಇಲ್ಲವಾದವು. ಅಂಥ ರೋಗ ಇದು.

ಇನ್ನು ಕ್ಯಾಮೆರಾ ವಿಷಯ. ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ, ಅಗ್ಗದ ಮಾದರಿಗಳಲ್ಲಿ ಆ ಸಂಖ್ಯೆಯನ್ನು ಸಾಫ್ಟ್‌ವೇರಿನಲ್ಲಿ ಉಬ್ಬಿಸಿರುತ್ತಾರೆ. ರಾತ್ರಿ ವಿಡಿಯೋಗೆ ಕ್ಯಾಮೆರಾ ಬೀರುವ ಇನ್‌ಫ್ರಾರೆಡ್ ಬೆಳಕಿನಲ್ಲಿ ಎರಡು ಬಗೆ: 850 ನ್ಯಾನೋಮೀಟರಿನದ್ದು ಮಸುಕಾಗಿ ಕೆಂಪಗೆ ಹೊಳೆಯುತ್ತದೆ, 940ರದ್ದು ನಮ್ಮ ಕಣ್ಣಿಗೆ ಕಾಣುವುದಿಲ್ಲ ಆದರೆ ಅಷ್ಟು ದೂರ ಮುಟ್ಟಲ್ಲ. ಹಿತ್ತಲಿಗೆ 940 ಸಾಕು. ಮೊಣಕಾಲೆತ್ತರಕ್ಕೆ ಕಟ್ಟಿ, ಮುಂದಿನ ಹುಲ್ಲು ಕತ್ತರಿಸಿ. ಇಲ್ಲದಿದ್ದರೆ ಬಿಸಿಲಲ್ಲಿ ಕಾದ ಹುಲ್ಲು ಗಾಳಿಗೆ ಅಲ್ಲಾಡಿದ್ದೇ ಕಾರ್ಡ್ ತುಂಬಾ ಇರುತ್ತದೆ. ನನ್ನದರಲ್ಲಿ ಎರಡು ಕೊರತೆ: ಚಳಿಯಲ್ಲಿ ಮಾಮೂಲಿ ಬ್ಯಾಟರಿ ಬೇಗ ಸಾಯುತ್ತದೆ, ಲಿಥಿಯಂ ಹಾಕಬೇಕು. ಮೆನು ಅಂತೂ ತಲೆನೋವು.

ಔಷಧಿ ಹಿಡಿದ ಮೇಲೆ ಮೊದಲು ಕಡಿಮೆಯಾಗಿದ್ದು ಕೆರೆತ, ಕೂದಲು ಬರಲು ವಾರಗಟ್ಟಲೆ ಹಿಡಿಯಿತು. ಹಳೆಯ ವಿಡಿಯೋ ಇಲ್ಲದಿದ್ದರೆ ಆ ಬದಲಾವಣೆ ಗೊತ್ತೇ ಆಗುತ್ತಿರಲಿಲ್ಲ. ಇನ್ನೊಂದು, ನಾಲ್ಕಾರು ನರಿ ಒಟ್ಟಿಗೆ ಸೇರುವಷ್ಟು ತಿಂಡಿ ಸುರಿಯಬೇಡಿ. ಒಂದರಿಂದ ಒಂದಕ್ಕೆ ಕಜ್ಜಿ ಹತ್ತುತ್ತದೆ.

ಹಗಲಲ್ಲೇ ಬಿದ್ದುಕೊಂಡಿದ್ದು, ಎರಡೂ ಕಣ್ಣು ಮುಚ್ಚಿ, ನೀವು ಹತ್ತಿರ ಹೋದರೂ ಏಳದ ನರಿಗೆ ತಿಂಡಿಯಲ್ಲಿಟ್ಟ ಔಷಧಿ ಸಾಲದು, ಹಿಡಿದು ಚಿಕಿತ್ಸೆ ಕೊಡಬೇಕು. ನೀವೇ ಮುಟ್ಟಲು ಹೋಗಬೇಡಿ, ಆ ಹುಳ ನಮಗೂ ತುರಿಕೆ ಹತ್ತಿಸುತ್ತದೆ. ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ, ವಿಡಿಯೋ ಇದ್ದರೆ ಸಮಯ ಮತ್ತು ಜಾಗದ ಸಮೇತ ಅವರಿಗೆ ಕಳಿಸಿ.